ಗಿಡ್ಡ್ಯಾ ತಿರುಗಿ ತಂದ ಕಾಯಿ

22-11-2004, ಸೋಮವಾರ. ಬೆಳಗ್ಗೆ

ಕಾರ್ತಿಕದ ಎರಡನೇ ಸೋಮವಾರ. ಒಪ್ಪತ್ತು. ಬರೀ ಚಹಾ. ಕಸ, ಮುಸುರೆ ಆಯಿತು. ಅಂಗಳಕ್ಕೆ ಸಗಣಿ ನೀರು ಹೊಡೆದು ರಂಗೋಲಿ ಹಾಕಿದೆ. ಇವರ ಬಲಗೈಗೆ ಎಳ್ಳೆಣ್ಣೆ ತಿಕ್ಕಿದೆ. ಲಕ್ವಾ ಹೊಡೆದು ವರ್ಷದ ಮೇಲಾಯಿತು. ಕಾಲು ಬಂತು — ಕೋಲು ಹಿಡಿದು ಹೊಳೆಯ ತನಕ ಹೋಗುತ್ತಾರೆ. ಮಾತೂ ಬಂತು, ಅರ್ಧ. ಕೈ ಮಾತ್ರ ಮೇಲೆ ಏಳಲಿಲ್ಲ. ಅದಕ್ಕೇ ಈ ಹರಕೆ. ಕಾರ್ತಿಕ ಸೋಮವಾರ ಉಪವಾಸ ಇದ್ದು ಕಾಳಿ ಹೊಳೆಗೆ ಕಾಯಿ ಬಿಡುವುದು. ನಡೆಸಿಕೊಡುವವಳು ತಾಯಿ.

ಸಂಜೆ

ಬರೆಯಲಿಕ್ಕೇ ಮನಸ್ಸಿಲ್ಲ. ಅರಿಷಿಣ ಕುಂಕುಮ ಹಚ್ಚಿ ಕಾಯಿ ಬಿಟ್ಟೆ. ಕಣ್ಣು ಮುಚ್ಚಿ ಕೈ ಮುಗಿದೆ. ತೆರೆದರೆ ನಮ್ಮ ನಾಯಿ ಗಿಡ್ಡ್ಯಾ ಕಾಯಿಯ ಜುಟ್ಟು ಕಚ್ಚಿಕೊಂಡು ಈಜಿ ಬರುತ್ತಿದೆ. ತಂದು ನನ್ನ ಕಾಲ ಹತ್ತಿರ ಇಟ್ಟಿತು. ಬಾಲ ಬೇರೆ ಅಲ್ಲಾಡಿಸಿತು.

ಕಾರ್ತಿಕಕ್ಕೆಂದು ತೇರಗಾಂವದಿಂದ ಬಂದಿರುವ ಇವರ ಅಕ್ಕ ಕಾಶೆವ್ವ ಪಕ್ಕದಲ್ಲೇ ಇದ್ದರು.

"ಕೊಟ್ಟಿದ್ದು ತಿರುಗಿ ಬಂತಂದ್ರ ತಾಯಿಗೆ ಬ್ಯಾಡಾತು ಅಂತನ ತಿಳಕೋ. ಈ ಮುಂಗಸಿಯಂಥಾ ನಾಯೀನ್ನ ಮೊದ್ಲ ಮನಿ ಬಿಟ್ಟು ಕಳಸು, ನೀಲಾ."

ಇವರು ಹೊಳೆಯ ಪಾವಟಿಗೆಯ ಮೇಲೆ ಕುಳಿತು ನಕ್ಕರು. ನನಗೆ ಸಿಟ್ಟು ಬಂತು. ನಗುವ ಮಾತೇ ಇದು?

24-11, ಬುಧವಾರ

ಅಕ್ಕ ಊರಿಗೆ ಹೋಗುವಾಗ ಗಿಡ್ಡ್ಯಾನನ್ನು ಒಯ್ಯುತ್ತಾರಂತೆ. ತೇರಗಾಂವದ ಹೊಲದ ಗುಡಿಸಲಿಗೆ. ಹೂಂ ಅಂದೆ. ಹರಕೆ ಕೆಟ್ಟರೆ ಏನು ಮಾಡಲಿ... ಆದರೆ ಇವರು ಹಾಸಿಗೆ ಹಿಡಿದಾಗ ಮಿಲ್ಲಿನ ಗೇಟಿನ ಹತ್ತಿರ ಸಿಕ್ಕ ಮರಿ ಅದು. ಅಂದಿನಿಂದ ಇವರ ಹೊರಸಿನ ಕೆಳಗೇ ಮಲಗುತ್ತದೆ. ಸುದ್ದಿ ಕೇಳಿ ಇವರು ಊಟ ಅರ್ಧಕ್ಕೇ ಬಿಟ್ಟೆದ್ದರು.

26-11, ಶುಕ್ರವಾರ

ಮಗ್ಗುಲ ಮನೆಯ ಚಾಂದಬಿಯ ಮಗ ಇರ್ಫಾನ ಬಂದಿದ್ದ. ಗಣೇಶಗುಡಿಯ ರಾಫ್ಟಿಂಗ್ ಕ್ಯಾಂಪಿನಲ್ಲಿ ಜೀಪು ಓಡಿಸುತ್ತಾನೆ. ಬರುವ ತಿಂಗಳ ಮೊದಲ ರವಿವಾರ ಅಲ್ಲಿ ನಾಯಿಗಳ ಪಂದ್ಯವಂತೆ. ನೀರಿನ ಮೇಲೆ ಹಲಗೆಯ ಕಟ್ಟೆ ಕಟ್ಟಿದ್ದಾರೆ. ನಾಯಿ ಓಡಿ ಬಂದು ತುದಿಯಿಂದ ಹೊಳೆಗೆ ಹಾರಬೇಕು, ಎಷ್ಟು ದೂರ ಬಿತ್ತು ಎಂದು ಅಳೆಯುತ್ತಾರೆ. ಕ್ಯಾಂಪಿನ ಸಾಹೇಬರು ಗೋವಾದವರು, ಟಿವಿಯಲ್ಲಿ ನೋಡಿ ಮಾಡಿಸಿದ್ದು. ಗಿಡ್ಡ್ಯಾನನ್ನು ಒಯ್ಯುತ್ತೇನೆ ಎಂದ.

"ಅದರ ಕಾಲು ನೋಡೀಯೇನೋ?" ಅಕ್ಕ ಅಂದರು. "ಬಕೀಟನ್ಯಾಗ ಹಾರಸು, ಸಾಕು."

"ಸಣ್ಣವಕ್ಕ ಬ್ಯಾರೆ ಸಾಲು ಮಾಡ್ಯಾರ ಅತ್ತ್ಯಾ. ಎತ್ತರ ನೋಡಿ."

ಆಗ ಇವರು ಒಂದೇ ಮಾತು ಹೇಳಿದರು — "ನಾನೂ."

ಕಾಯಿಲೆ ಬಿದ್ದ ಮೇಲೆ ಎಲ್ಲಿಗಾದರೂ ಬರುತ್ತೇನೆ ಅಂದದ್ದು ಇದೇ ಮೊದಲು. ಪಂದ್ಯ ಮುಗಿಯುವ ತನಕ ನಾಯಿ ಇರಲಿ ಎಂದು ಅಕ್ಕನ ಕೈಕಾಲು ಹಿಡಿದೆ. ಒಪ್ಪಿದರು.

5-12, ರವಿವಾರ. ರಾತ್ರಿ 8

ತಾಯೀ. ಎಲ್ಲಿಂದ ಬರೆಯಲಿ?

ಕಟ್ಟೆಯ ಮೇಲೆ ದೊಡ್ಡ ದೊಡ್ಡ ನಾಯಿಗಳು. ಕರುವಿನಂಥ ಒಂದು ಅಲ್ಸೇಶಿಯನ್ ಭರಾಟೆಯಿಂದ ಓಡಿ ಬಂತು, ತುದಿಯಲ್ಲಿ ನಿಂತು ನೀರು ನೋಡಿತು, ತಿರುಗಿ ಹೋಯಿತು. ಕರಿ ಲ್ಯಾಬ್ರಡಾರ್ ಒಂದು ಹದಿನೇಳು ಅಡಿ ಹಾರಿತು. ಉದ್ದ ಕಾಲಿಗೆ ಉದ್ದ ಜಿಗಿತ, ಅದು ಖರೆ. ಆಮೇಲೆ ಸಣ್ಣವುಗಳ ಸಾಲು. ಗಿಡ್ಡ್ಯಾನನ್ನು ನೋಡಿ ಜನ ನಕ್ಕರು. ಇರ್ಫಾನ ರಬ್ಬರ್ ಗೊಂಬೆ ಒಗೆದ. ಅದು ಕುಳಿತೇ ಇತ್ತು. ಮತ್ತೆ ಒಗೆದ. ಕದಲಲಿಲ್ಲ. ಇವರನ್ನೇ ನೋಡುತ್ತಿತ್ತು.

ಇವರು ಖುರ್ಚಿಯಿಂದ ಎದ್ದರು. ಎಡಗೈಯಲ್ಲಿ ಕೋಲು. ಕಟ್ಟೆಯ ಮೇಲೆ ಹೋಗಿ, ಕಿಸೆಯಿಂದ ಜುಟ್ಟಿನ ಕರಟ ತೆಗೆದರು. ಬಲಗೈಯಿಂದ. ಆ ಕೈ ಎದೆಗೆ ಬಂತು, ಹೆಗಲಿಗೆ ಬಂತು, ಕಿವಿಯನ್ನೂ ದಾಟಿತು — ಒಗೆದರು.

ಜನ ಕೂಗಿದರು. ಒಂಬತ್ತು ಅಡಿಯಂತೆ. ಸಣ್ಣವುಗಳಲ್ಲಿ ಮೊದಲಂತೆ. ಗಿಡ್ಡ್ಯಾ ಹಾರಿದ್ದನ್ನು ನಾನು ನೋಡಲೇ ಇಲ್ಲ. ಕೈಯನ್ನೇ ನೋಡುತ್ತಿದ್ದೆ.

ಜೀಪಿನಲ್ಲಿ ಕೇಳಿದೆ. ತಡವರಿಸುತ್ತ ಹೇಳಿದರು. "ದಿನಾ ಹೊಳ್ಯಾಗ ಈ ಕರಟ ಒಗೀತಿದ್ದೆ. ಮೊದ್ಲ... ಕಾಲಾಗ ಬೀಳ್ತಿತ್ತು. ಇದು ತಂದು ಕೊಡ್ತಿತ್ತು. ಮತ್ತ ಒಗಿ ಅಂತ ಕುಂಡ್ರತಿತ್ತು. ಕೈ ಪೂರಾ ಬಂದ ಮ್ಯಾಲ ಹೇಳೂಣು ಅಂತ..."

ಹಾಗಾದರೆ ಅಂದು ನಾನು ಕಾಯಿ ಬಿಟ್ಟಾಗ, ಇವತ್ತು ಅವ್ವ ಆಡುತ್ತಾಳೆ ಎಂದುಕೊಂಡಿತ್ತು ಪಾಪ.

ಸಾಹೇಬರು ಇರ್ಫಾನನಿಗೆ ಹೇಳಿದರಂತೆ: ದೂರ ಹಾರುವುದು ಕಾಲಿನ ಮೇಲಿದೆ, ತುದಿಯಲ್ಲಿ ನಿಲ್ಲದಿರುವುದು ಮನಸ್ಸಿನ ಮೇಲೆ. ಮನೆಗೆ ಬಂದ ಮೇಲೆ ಅಕ್ಕ ತಮ್ಮ ತಾಟಿನ ರೊಟ್ಟಿ ಮುರಿದು ಗಿಡ್ಡ್ಯಾನಿಗೆ ಹಾಕಿದರು.

6-12, ಸೋಮವಾರ

ಕೊನೆಯ ಕಾರ್ತಿಕ ಸೋಮವಾರ. ಒಪ್ಪತ್ತು. ಹಸಿವೇ ಇಲ್ಲ, ಹೊಟ್ಟೆ ತುಂಬಿದ ಹಾಗಿದೆ. ಇವತ್ತು ಕಾಯಿಯನ್ನು ಇವರೇ ಬಿಟ್ಟರು, ಬಲಗೈಯಿಂದ. ನಾನು ಗಿಡ್ಡ್ಯಾನನ್ನು ಸೆರಗಿನಲ್ಲಿ ಸುತ್ತಿ ಅವಚಿಕೊಂಡೇ ಕೈ ಮುಗಿದೆ. ತಾಯಿ ಮುನಿದಿರಲಿಲ್ಲ. ನಾನು ಕೇಳುವ ಮೊದಲೇ ಈ ಗಿಡ್ಡ್ಯಾನನ್ನು ಮನೆಗೆ ಕಳಿಸಿದ್ದಳು, ಗುರುತು ಹತ್ತಲಿಲ್ಲ ನನಗೆ.

ಅಕ್ಕ ಬಸ್ಸಿಗೆ ಹೊರಟರು. ಒಬ್ಬರೇ. ಹೊಸ್ತಿಲಲ್ಲಿ ನಿಂತು, "ಅದಕ್ಕ ಹಾಲು ಹಾಕ್ತಿ ಇಲ್ಲೋ?" ಎಂದು ಕೇಳಿ ಹೋದರು.

ಮಧ್ಯಾಹ್ನ 3

ಸಾಹೇಬರ ಚೀಟಿ ಬಂತು. ಗಿಡ್ಡ್ಯಾನನ್ನು ಕ್ಯಾಂಪಿಗೇ ಕೊಡಿ, ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು. ಒಳ್ಳೆಯ ಮನುಷ್ಯ. ಉತ್ತರ ಬರೆದೆ. ಕೊಡಲಿಕ್ಕೆ ಆಗುವುದಿಲ್ಲ, ಅದಿನ್ನೂ ಇಲ್ಲಿನ ಕೆಲಸ ಮುಗಿಸಿಲ್ಲ. ರವಿವಾರ ಜೀಪು ಕಳಿಸಿದರೆ ಇಬ್ಬರೂ ಬರುತ್ತಾರೆ, ಒಗೆಯುವವರು, ಹಾರುವವರು. ನಿಮಗೆ ದೇವರು ಒಳ್ಳೆಯದು ಮಾಡಲಿ.

ಇರ್ಫಾನ ಬೇಗ ಬಂದು ಉತ್ತರ ಒಯ್ಯಲಿ ಎಂದು ಚಾಂದಬಿಗೆ ಈಗಲೇ ಕೂಗಿ ಹೇಳಬೇಕು. ಉತ್ತರದ ಚೀಟಿ ತುಳಸಿಕಟ್ಟೆಯ ಮೇಲಿದೆ. ಗಾಳಿಗೆ ಹಾರದಿರಲಿ ಎಂದು ಮೇಲೆ ತೆಂಗಿನಕಾಯಿ ಇಟ್ಟಿದ್ದೇನೆ. ಗಿಡ್ಡ್ಯಾ ಆಗಿನಿಂದ ಅದನ್ನೇ ನೋ—