ಅಪ್ಪ ಮಾಡಿದ ಪಾದ್ರಿ ಪಾರ್ಟು

ಇಳಕಲ್
೧೨ ಫೆಬ್ರುವರಿ ೨೦೨೫

ಚಿ. ಸೌ. ಮಾದೇವಿಗೆ ಅಪ್ಪನ ಆಶೀರ್ವಾದ.

ಪತ್ರ ಬರೆಯುವುದು ಸ್ವಲ್ಪ ತಡವಾಯಿತು ತಾಯಿ, ಒಂಬತ್ತು ವರ್ಷ. ಬೈಯುವುದಿದ್ದರೆ ಬೈದುಬಿಡು, ಹರಿದು ಮಾತ್ರ ಒಗೆಯಬೇಡ. ನಾವಿಬ್ಬರೂ ಆರಾಮ ಇದ್ದೇವೆ. ನಿಮ್ಮವ್ವ ಹಿತ್ತಲಲ್ಲಿ ನಿಂತು ನಿನಗೆ ಫೋನ್ ಮಾಡುವುದು ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ. ನಾನೂ ಗೊತ್ತಿಲ್ಲದವನಂತೆಯೇ ಇದ್ದೇನೆ. ಮೊಮ್ಮಗಳು ಸಾಲಿಗೆ ಹೋಗುತ್ತಾಳೆಂಬ ಸುದ್ದಿಯೂ ಹಾಗೇ ಕಿವಿಗೆ ಬಿತ್ತು.

ನೀನು ಜಾತಿ ಮೀರಿ ಸಿದ್ದಾರ್ಥನನ್ನು ಮದುವೆಯಾದಾಗ ಮಗಳ ಸಂಬಂಧ ಕಡಿದುಕೊಂಡಿದ್ದೇನೆ ಅಂತ ನನ್ನ ಹೆಸರಿನಲ್ಲಿ ಪೇಪರಿನಲ್ಲಿ ಪ್ರಕಟಣೆ ಬಂತು. ನೀನಿರುವ ಬಾದಾಮಿ ಎರಡೇ ತಾಸಿನ ಹಾದಿ, ಆದರೂ ಅಂದಿನಿಂದ ನೀನು ಈ ಹೊಸ್ತಿಲು ತುಳಿದಿಲ್ಲ. ಆ ಪ್ರಕಟಣೆ ನಿಮ್ಮ ದೊಡ್ಡಪ್ಪ ಗುರಲಿಂಗಪ್ಪ ಹಾಕಿಸಿದ್ದೆಂದು ಮನೆಯವರೆಲ್ಲ ಹೇಳುತ್ತಾರೆ. ಪಾಪ, ಅಣ್ಣ ಈಗಿಲ್ಲ. ಈ ಉಗಾದಿಗೆ ನೀವು ಮೂವರೂ ಮನೆಗೆ ಬರಬೇಕು, ಅದಕ್ಕೇ ಈ ಪತ್ರ.

ಈಗ ಸುದ್ದಿ ಕೇಳು. ನಿನ್ನ ಅಪ್ಪ ನಾಟಕದಲ್ಲಿ ಪಾರ್ಟು ಮಾಡಿದ! ರಿಟೈರಾದ ಕಂಡಕ್ಟರ್, ಮನೆಯಲ್ಲಿ ಕೂತು ನಿಮ್ಮವ್ವನ ಜೊತೆ ಜಗಳ ತೆಗೆಯುತ್ತಿದ್ದೆ. ಕಾಲೇಜಿನಲ್ಲಿ ನಾಟಕ ಆಡಿಸುವ ಪ್ರಬುದ್ಧ ಸರ್ ಬಂದು, "ಹೊಳಬಸಪ್ಪನವರ, ಬಸ್ಸಿನ್ಯಾಗ ಒದರಿದ ಗಂಟಲ ನಿಮ್ದು. ರಷ್ಯಾದ ಪಾದ್ರಿ ಪಾರ್ಟ್ ನೀವ ಮಾಡ್ಬೇಕ್ರಿ" ಅಂದರು.

"ಕೊರಳಾಗ ಲಿಂಗ ಕಟ್ಟಿದಾವ ನಾ, ಪಾದ್ರಿ ಹ್ಯಾಂಗ ಆಗ್ಲ್ರಿ?" ಅಂದೆ. ಅಂದೆನೇ ಹೊರತು ಒಳಗೊಳಗೇ ಆಸೆ ಇತ್ತು. ಟೇಲರ್ ಮುರ್ತುಜಸಾಬ ಕರಿ ನಿಲುವಂಗಿ ಹೊಲಿದುಕೊಟ್ಟ. ಎದೆ ಮುಟ್ಟುವ ಗಡ್ಡ ಬೇರೆ. ನಿಮ್ಮವ್ವ ಸೆರಗು ಬಾಯಿಗೊತ್ತಿಕೊಂಡು, "ಅಯ್ಯ, ಕರಡಿ ಕಂಡಂಗ ಕಾಣ್ತೀರಿ!" ಅಂತ ನಕ್ಕಳು.

ಕಥೆ ನೂರು ವರ್ಷದ ಹಿಂದಿನದು. ರಷ್ಯಾದಲ್ಲಿ ಕ್ರಾಂತಿಯಾಗಿ ಸೋವಿಯತ್ ಸರ್ಕಾರ ಬಂದಿದೆ. ಪಾದ್ರಿಗಳಿಗೆ ವೋಟಿಲ್ಲ, ಅವರ ಮಕ್ಕಳಿಗೆ ಕಾಲೇಜಿಲ್ಲ. ಅಪ್ಪನ ಸಂಬಂಧ ಬಿಟ್ಟೆ ಅಂತ ಮಗ ಪೇಪರಿನಲ್ಲಿ ಹಾಕಿಸಿದರೆ ಓದಲು ದಾರಿಯಾದೀತು. ಮಗ ಸುತಾರಾಂ ಒಲ್ಲೆ ಅನ್ನುತ್ತಾನೆ. ಆಗ ಪಾದ್ರಿ ತಾನೇ ಆ ಪ್ರಕಟಣೆ ಬರೆದು, ಗಟ್ಟಿಯಾಗಿ ಓದಿ, ಮಗನ ಕೈಗಿಡುತ್ತಾನೆ. ತನ್ನನ್ನು ಬಿಟ್ಟಾದರೂ ಹುಡುಗ ಓದಲಿ ಅಂತ. ಎಂಥ ತಂದೆ ನೋಡು!

ಹೋದ ರವಿವಾರ ನಾಟಕವಾಯಿತು. ಜನ ಚಪ್ಪಾಳೆ ಹೊಡೆದದ್ದೇ ಹೊಡೆದದ್ದು. ಬಜಾರಕ್ಕೆ ಹೋದರೆ ಈಗ "ಏನ್ರಿ ಪಾದ್ರಿ, ಆರಾಮ?" ಅನ್ನುತ್ತಾರೆ. ನನಗೆ ಖುಷಿಯೇ. ಮೊಮ್ಮಗಳಿಗೆ ಅಮೀನಗಡದ ಕರದಂಟು ಕಳಿಸಿದ್ದೇನೆ. ಸಿದ್ದಾರ್ಥನಿಗೆ ನನ್ನ ಆಶೀರ್ವಾದ ಹೇಳು. ನಿಮ್ಮ ಮನೆ ಸದಾ ತುಂಬಿರಲಿ.

ನಿನ್ನ ಅಪ್ಪ
ಹೊಳಬಸಪ್ಪ

ತಾ.ಕ.: ಒಂದು ಮಾತು ಮೇಲೆ ಬರೆಯಲು ಧೈರ್ಯವಾಗಲಿಲ್ಲ. ರಂಗದ ಮೇಲೆ ಪಾದ್ರಿಯ ಪ್ರಕಟಣೆ ಮರೆತುಹೋಗಿ, ಪೇಪರಿನಲ್ಲಿ ನಿನ್ನ ಮೇಲೆ ಬಂದದ್ದನ್ನೇ ಹೇಳಿಬಿಟ್ಟೆ: 'ಮಾದೇವಿ ಇಂದಿನಿಂದ ನನ್ನ ಮಗಳಲ್ಲ, ಅವಳ ಒಳಿತು ಕೆಡುಕಿಗೆ ನಾನು ಹೊಣೆಯಲ್ಲ.' ಒಂದಕ್ಷರ ತಪ್ಪಲಿಲ್ಲ. ಜನ ಗಲಿಬಿಲಿಯಾದರು, ನಾಟಕ ಹೇಗೋ ಮುಂದೆ ಸಾಗಿತು. ಮನೆಗೆ ಬಂದ ಮೇಲೆ ನಿಮ್ಮವ್ವ ಒಂದೇ ಮಾತು ಕೇಳಿದಳು: "ಭಾವಾರು ಬರದದ್ದು ನಿಮಗ ಹ್ಯಾಂಗ ಬಾಯಿಪಾಠ ಬಂತ್ರಿ?"

ಅಣ್ಣ ಬರೆದಿರಲಿಲ್ಲ ಮಾದೇವಿ. ಜನರ ಬಾಯಿಗೆ ಹೆದರಿ ನಾನೇ ಬರೆದೆ, ಮೂರು ಸಲ ತಿದ್ದಿ ಬರೆದೆ, ನಾನೇ ಬಾಗಲಕೋಟೆಗೆ ಹೋಗಿ ಪೇಪರಿನವರಿಗೆ ಕೊಟ್ಟು ಬಂದೆ. ಅಣ್ಣ, "ಬ್ಯಾಡೋ ತಮ್ಮಾ, ಮಗಳ ಅಕಿ" ಅಂತ ಅಂಗಿ ಹಿಡಿದು ಜಗ್ಗಿದ್ದ. ಬೈಗುಳ ಅವನು ತಿಂದ, ನಾನು ಸುಮ್ಮನಿದ್ದೆ.

ಇದು ತಿಳಿದ ಮೇಲೂ ಮನಸ್ಸಾದರೆ ಬಾ. ಇಲ್ಲವಾದರೆ ಉಗಾದಿಗೆ ನಿಮ್ಮವ್ವನನ್ನು ಬಾದಾಮಿ ಬಸ್ಸಿಗೆ ನಾನೇ ಹತ್ತಿಸುತ್ತೇನೆ.