ಎರಡನೆಯ ರಾತ್ರಿಯ ನಗು

ಮಿಲ್ವಾಕಿ,
ಮಾರ್ಚ್ ೧೨, ೧೯೯೬

ನನ್ನ ಮುದ್ದಿನ ಹಲೀನಾ,

ಹೇಗಿದ್ದೀಯ ಮಗಳೇ? ಹೋದ ಕಾಗದದಲ್ಲಿ ಕೆಮ್ಮು ಅಂತ ಬರೆದಿದ್ದೆಯಲ್ಲ, ಈಗ ಕಡಿಮೆಯಾಯಿತೇ? ಅಲಾಸ್ಕದ ಆ ಸಮುದ್ರದ ಗಾಳಿಗೆ ಮೈಯೊಡ್ಡಿಕೊಂಡು ಆಸ್ಪತ್ರೆಗೆ ನಡೆದೇ ಹೋಗುತ್ತೀಯಂತೆ. ಊರಿನ ರೋಗಿಗಳನ್ನೆಲ್ಲ ನೋಡಿಕೊಳ್ಳುವ ನರ್ಸಮ್ಮನಿಗೆ ಕುತ್ತಿಗೆಗೆ ಮಫ್ಲರ್ ಸುತ್ತಿಕೋ ಅಂತ ಬೇರೆಯವರು ಹೇಳಬೇಕೇ? ನಾನು ಹೆಣೆದು ಕಳಿಸಿದ್ದರ ಬಣ್ಣ ನಿನಗೆ ಹಿಡಿಸಲಿಲ್ಲ ಅಂತ ಗೊತ್ತು. ಹಿಡಿಸದಿದ್ದರೂ ಸುತ್ತಿಕೋ, ಅಲ್ಲಿ ಯಾರು ನೋಡುತ್ತಾರೆ.

ಇಲ್ಲಿ ಈಸ್ಟರಿಗೆ ಮುಂಚಿನ ವ್ರತದ ವಾರಗಳು ನಡೆಯುತ್ತಿವೆ. ಹೋದ ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಮೀನಿನ ಊಟಕ್ಕೆ ಹೋಗಿದ್ದೆವು. ನಿಮ್ಮಪ್ಪ ಎರಡು ತಟ್ಟೆ ಮುಗಿಸಿ ಮೂರನೆಯದಕ್ಕೂ ಸಾಲಿನಲ್ಲಿ ನಿಂತರು. ಈ ವ್ರತದಲ್ಲಿ ದಪ್ಪಗಾಗುವವರು ಅಂದರೆ ನಮ್ಮ ಮನೆಯವರೊಬ್ಬರೇ. ಎದುರು ಮನೆಯ ಫ್ಲೂಗಮ್ಮ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಾಳೆ. ಕೈ ಮುರಿದರೇನು, ಬಾಯಿ ಗಟ್ಟಿಯಾಗಿಯೇ ಇದೆ. ಇಷ್ಟು ಸುತ್ತಿಬಳಸಿ ಬರೆಯುತ್ತಿದ್ದಾಳೆ ಅಂದರೆ ಅಮ್ಮನ ಹೊಟ್ಟೆಯಲ್ಲಿ ಬೇರೇನೋ ಇದೆ ಅಂತ ನಿನಗೆ ಆಗಲೇ ಗೊತ್ತಾಗಿರುತ್ತದೆ. ಇದೆ.

ನಮ್ಮ ಕಂಪನಿಯ ಹೊಸ ಒಪೆರಾ ಚೆನ್ನಾಗಿ ನಡೆಯಿತು. ಎಂಥ ವೈಭವ ಅಂತೀಯ! ಎಂಬತ್ತು ಜನರ ಮೇಳ, ರಂಗದ ಮೇಲೇ ಒಂದು ಬ್ಯಾಂಡು, ಅದು ಸಾಲದೆಂದು ನಿಜವಾದ ಒಂದು ಹಸು. ಹಾಡಿನ ನಗೆನಾಟಕಕ್ಕೆ ಇಷ್ಟೊಂದು ಖರ್ಚು ಮಾಡಿದ್ದು ನಾನಂತೂ ಕಂಡಿಲ್ಲ. ಬರೆದವರು ಎಲ್ಬರ್ಟ್ ಕ್ವಿಲ್, ಇನ್ನೂ ಐವತ್ತಾಗಿಲ್ಲ, ದಿನಾ ಮೂರನೆಯ ಸಾಲಿನಲ್ಲಿ ಕೂತು ಉಗುರು ಕಚ್ಚುತ್ತಿದ್ದರು. ಮೂರು ರಾತ್ರಿಯ ಆಟವನ್ನೂ ಜನರ ಮುಂದೆಯೇ ರೆಕಾರ್ಡ್ ಮಾಡುವುದು, ಮೂರರಲ್ಲಿ ಚೆನ್ನಾಗಿ ಬಂದದ್ದನ್ನು ಆರಿಸಿ ಜೋಡಿಸಿ ಸಿ.ಡಿ. ಮಾಡುವುದು ಅಂತ ಏರ್ಪಾಡು. ರಂಗದ ಅಂಚಿನ ಉದ್ದಕ್ಕೂ ಮೈಕುಗಳು, ನನ್ನ ಗೂಡಿನ ಮೂಗಿಗೇ ಎರಡು. ನೀನು ಚಿಕ್ಕವಳಿದ್ದಾಗ 'ಅಮ್ಮನ ಕೋಳಿಗೂಡು' ಅನ್ನುತ್ತಿದ್ದೆಯಲ್ಲ, ಅದೇ ಗೂಡು. ತಲೆಯಷ್ಟೇ ರಂಗದ ಮಟ್ಟಕ್ಕೆ ಬರುವಂತೆ ಕೂತು, ಹಾಡುವವರಿಗೆ ಪ್ರತಿ ಸಾಲಿನ ಮೊದಲ ಪದ ಎತ್ತಿಕೊಡುವುದು ಈಗಲೂ ನನ್ನ ಕೆಲಸ. ಉಸಿರಿನಲ್ಲಿ ಹೇಳಬೇಕು, ಮೈಕಿಗೆ ಕೇಳಿಸಬಾರದು ಅಂತ ಕಟ್ಟಪ್ಪಣೆಯಾಗಿತ್ತು.

ನಿಮ್ಮಪ್ಪನದು ಮೇಯರ್ ಪಾತ್ರ. ಮಗಳ ಮದುವೆಯ ದಿನ ಬಂದ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ಹೆಸರು ಹಿಡಿದು, ಉಸಿರು ಬಿಡದೆ ಸ್ವಾಗತಿಸುವ ಹಾಡು. ಕೊನೆಯಲ್ಲಿ ಮದುಮಗಳ ಕೈ ಹಿಡಿದು ಅವಳ ಹೆಸರನ್ನು ಎತ್ತರದ ಸ್ವರದಲ್ಲಿ ಕೂಗಬೇಕು. ಮೊದಲ ರಾತ್ರಿ ಚೆನ್ನಾಗಿಯೇ ಬಂತು. ಎರಡನೆಯ ರಾತ್ರಿ ಮದುಮಗಳ ಮುಂದೆ ಬಂದು ನಿಂತುಬಿಟ್ಟರು. ನಾನು ಹೆಸರು ಕೊಟ್ಟೆ. ಕೇಳಿಸಲಿಲ್ಲವೇನೋ ಅಂತ ಮತ್ತೆ ಕೊಟ್ಟೆ. ಆಗ ಬಗ್ಗಿ ನನ್ನತ್ತ ನೋಡಿದರು. ಹಲೀನಾ, ಆ ನೋಟದಲ್ಲಿ ನನ್ನ ಗುರುತೇ ಇರಲಿಲ್ಲ. ಮೈಕೂ ಮರೆತುಹೋಯಿತು, ಅಪ್ಪಣೆಯೂ ಮರೆತುಹೋಯಿತು, "ಟ್ಯಾಡ್, ನನ್ನ ಕಡೆ ನೋಡು, ನಾನು ಜೆನ್ನಿ" ಅಂದುಬಿಟ್ಟೆ. ಅವರು ಮದುಮಗಳ ಕಡೆ ತಿರುಗಿ, ತಾಳ ತಪ್ಪದಂತೆ ಹಾಡಿದರು: "ಯಾರಮ್ಮಾ ನೀನು? ಯಾರ ಮನೆ ಹುಡುಗಿ?"

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಜಂಬದ ಮೇಯರ್ ಊರವರ ಹೆಸರೆಲ್ಲ ಹೇಳಿ ಹೆತ್ತ ಮಗಳ ಹೆಸರನ್ನೇ ಮರೆತನಲ್ಲ ಅಂತ! ಆ ನಗುವಿಗೆ ವಾದ್ಯಮೇಳವೇ ನಿಂತು ಕಾಯಬೇಕಾಯಿತು. ಮಧ್ಯಂತರದಲ್ಲಿ ಕ್ವಿಲ್ ಕಣ್ಣೊರೆಸಿಕೊಳ್ಳುತ್ತಾ ಓಡಿಬಂದು ನಿಮ್ಮಪ್ಪನನ್ನು ತಬ್ಬಿಕೊಂಡು, "ಇದು ನನಗೇ ಹೊಳೀಲಿಲ್ವಲ್ಲಾ ಯಜಮಾನ್ರೇ!" ಅಂದರು. ಮೇಳದ ಹುಡುಗಿಯರು, "ಮುದುಕಪ್ಪ ಇನ್ನೂ ಏನೇನು ಬಚ್ಚಿಟ್ಕೊಂಡಿದಾನೋ" ಅಂತ ಕೆನ್ನೆ ಹಿಂಡಿ ಹೋದರು. ನಿಮ್ಮಪ್ಪ ಎಲ್ಲರಿಗೂ ತಲೆಬಾಗಿದರು. ಮರುದಿನ ಕಾಫಿ ಕುಡಿಯುವಾಗ ನನ್ನನ್ನು ಮೆಲ್ಲಗೆ ಕೇಳಿದ್ದು ಇಷ್ಟು: "ನಿನ್ನೆ ಅಷ್ಟೊಂದು ಯಾಕೆ ನಕ್ಕರೇ?"

ಮೂರೂ ಆಟ ಮುಗಿದ ಮೇಲಿನ ಸೋಮವಾರ ಖಾಲಿ ಸಭಾಂಗಣದಲ್ಲಿ ತೇಪೆ ಹಾಕುವ ಕೆಲಸವಿತ್ತು. ಮೂರು ರಾತ್ರಿಯಲ್ಲೂ ಸರಿಬಾರದ ತುಣುಕುಗಳನ್ನು ಮತ್ತೆ ಹಾಡಿಸಿ ಸೇರಿಸುತ್ತಾರೆ. ಧ್ವನಿ ಹಿಡಿಯುವ ರೂಬೆನ್ ನನ್ನನ್ನು ಪಕ್ಕಕ್ಕೆ ಕರೆದು ಕಿವಿಗೆ ಹೆಡ್‌ಫೋನ್ ಹಾಕಿದ. ಜನರ ನಗು ಏಳುವ ಮುಂಚೆ ನನ್ನ ಧ್ವನಿ: "ಟ್ಯಾಡ್, ನನ್ನ ಕಡೆ ನೋಡು." "ಇದನ್ನ ಅಳಿಸಿಬಿಡ್ತೀನಿ ಮೇಡಂ. ಮನೇಲಿ ಎಲ್ಲಾ ಸರಿಯಿದೆ ತಾನೇ?" ಅಂದ. ನಿನ್ನ ಕೆಲಸ ನೋಡಿಕೋ ಅಂತ ರೇಗಿಬಿಟ್ಟೆ. ಪಾಪ, ಒಳ್ಳೆಯದಕ್ಕೇ ಕೇಳಿದ್ದ. ಅಷ್ಟರಲ್ಲಿ ಕ್ವಿಲ್ ಎಲ್ಲರಿಗೂ ಕೇಳಿಸಬೇಕೆಂದು ನಿಮ್ಮಪ್ಪ ಹಾಡಿದ ಆ ಸಾಲನ್ನು ದೊಡ್ಡದಾಗಿ ಹಾಕಿಸಿದರು. ನಿಮ್ಮಪ್ಪ ತೊಡೆ ತಟ್ಟಿಕೊಂಡು ನಕ್ಕರು. "ಭೇಷ್! ಯಾರಯ್ಯಾ ಇವನು? ಒಳ್ಳೇ ಕಸುಬುದಾರ!" ಅಂದರು. ತನ್ನನ್ನೇ ಹೊಗಳಿಕೊಳ್ಳುತ್ತಿದ್ದಾರೆ ಅಂತ ಎಲ್ಲರಿಗೂ ಇನ್ನಷ್ಟು ನಗು. ನಾನೂ ನಕ್ಕೆ ಮಗಳೇ. ನಗದಿದ್ದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಕ್ವಿಲ್ ಆ ಸಾಲನ್ನು ಈಗ ಒಪೆರಾದೊಳಗೇ ಬರೆದು ಸೇರಿಸಿದ್ದಾರೆ. ಮೇ ತಿಂಗಳಲ್ಲಿ ಇದೇ ತಂಡ ಮಿನಿಯಾಪೋಲಿಸ್‌ನಲ್ಲಿ ಆಡಬೇಕು. "ಯಜಮಾನ್ರಿಗೆ ಹೇಳಿ ಮೇಡಂ, ಪ್ರತಿ ರಾತ್ರೀನೂ ಹಾಗೇ ಮರೀಬೇಕು" ಅಂತ ಫೋನ್ ಮಾಡಿದ್ದರು. ಹಾಡಿನ ಹೊಸ ಹಾಳೆಯೂ ಬಂತು. ಒಂದು ವಾರದಿಂದ ನಿಮ್ಮಪ್ಪ ಪಿಯಾನೋ ಮುಂದೆ ಕೂತು ಮರೆಯುವುದನ್ನು ಅಭ್ಯಾಸ ಮಾಡುತ್ತಿದ್ದಾರೆ. ಆದರೆ ಆ ಮರೆಯುವ ಸಾಲೇ ಅವರಿಗೆ ನೆನಪಿರುವುದಿಲ್ಲ. ಅಲ್ಲಿಗೆ ಬಂದಾಗ ಹಳೆಯ ರೂಢಿಯಂತೆ ಮದುಮಗಳ ಹೆಸರನ್ನು ಸರಿಯಾಗಿ ಕೂಗಿ, "ತಪ್ಪಾಯ್ತೇನೇ?" ಅಂತ ನನ್ನ ಮುಖ ನೋಡುತ್ತಾರೆ. ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಆ ಊರಿನ ರಂಗದಲ್ಲಿ ನನಗೆ ಗೂಡೂ ಇಲ್ಲ.

ಡಾಕ್ಟರ ಮಾತೆತ್ತಿದರೆ, "ಗಂಟಲು ಗಂಟೆ ಹಾಗಿದೆ, ಡಾಕ್ಟ್ರು ಯಾಕೆ?" ಅನ್ನುತ್ತಾರೆ. ನಿಜ, ಧ್ವನಿಗೆ ಏನೂ ಆಗಿಲ್ಲ. ನಾನು ಕಂಪನಿಯವರಿಗೆ ಹೇಳಿದರೆ ರಂಗ ಅಲ್ಲಿಗೆ ಮುಗಿಯಿತು, ಅದಿಲ್ಲದೆ ಈ ಮನುಷ್ಯ ಬೆಳಗಾದರೆ ಯಾತಕ್ಕೆ ಏಳಬೇಕು? ಹೇಳದಿದ್ದರೆ ಆ ಪರ ಊರಲ್ಲಿ, ಸಾವಿರ ಜನರ ಎದುರು, ನಗು ಬಾರದ ಜಾಗದಲ್ಲಿ ಮರೆತು ನಿಂತುಬಿಡುತ್ತಾರೆ. ಬಿಸಿತುಪ್ಪ ನುಂಗಲೂ ಆಗದು, ಉಗುಳಲೂ ಆಗದು. ನನಗೆ ಭಯವಾಗುತ್ತಿದೆ ಮಗಳೇ. ನೀನು ದಿನಾ ಇಂಥವರನ್ನು ನೋಡುವವಳು, ಏನು ಮಾಡಲಿ ಅಂತ ಬರೆ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ. ಅಪ್ಪನ ಮುತ್ತುಗಳನ್ನೂ ನನ್ನ ಲೆಕ್ಕದಲ್ಲೇ ಕಳಿಸುತ್ತಿದ್ದೇನೆ.

ನಿನ್ನ ಅಮ್ಮ,
ಜೆನೀವ್

ಮರೆತ ಮಾತು: ಗುರುವಾರ. ಇದನ್ನು ಮೇಜಿನ ಮೇಲೇ ಬಿಟ್ಟು ನಿನ್ನೆ ಬ್ರೆಡ್ಡಿಗೆ ಹೋಗಿದ್ದೆ. ಬರುವಷ್ಟರಲ್ಲಿ ಅಪ್ಪ ಪೂರ್ತಿ ಓದಿದ್ದರು. ಬೈಯಲಿಲ್ಲ. "ನನಗೆ ಗೊತ್ತಿತ್ತು ಕಣೇ, ನಿನಗೆ ಗೊತ್ತಾಗದಿರಲಿ ಅಂತ ಸುಮ್ಮನಿದ್ದೆ" ಅಂದರು. ನನ್ನೆದುರಿಗೇ ಕಂಪನಿಗೆ ಫೋನ್ ಮಾಡಿ, ಇನ್ನು ಹಾಡುವುದಿಲ್ಲ, ಕಾರಣ ಇದು ಅಂತ ಮುಚ್ಚುಮರೆಯಿಲ್ಲದೆ ಹೇಳಿದರು. ಸಿ.ಡಿ.ಯಲ್ಲಿ ಆ ನಗು ಇರಲಿ, ಜನ ಸುಮ್ಮಸುಮ್ಮನೆ ನಗುವುದಿಲ್ಲ ಅಂದರು. ಎಷ್ಟು ದೊಡ್ಡ ಮನುಷ್ಯ ಅಂತ ನನಗೆ ಅಳು ಬಂತು. ಇವತ್ತು ಬೆಳಿಗ್ಗೆ ನೋಡಿದರೆ ಕೋಟು ತೊಟ್ಟು, ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ರಿಹರ್ಸಲ್ಲು ಎಷ್ಟು ಹೊತ್ತಿಗೆ ಅಂತ. ಕೂರಿಸಿ ಎಲ್ಲ ಹೇಳಿದೆ. ಮೊದಲ ಸಲ ಕೇಳಿದವರಂತೆ ಕುಸಿದು ಅತ್ತರು. ಊಟ ಮುಗಿಸಿ ಎದ್ದವರೇ ಮತ್ತೆ ಕೋಟು. ಮತ್ತೆ ಹೇಳಿದೆ, ಮತ್ತೆ ಅಷ್ಟೇ ಅತ್ತರು. ಈಗ ಮೂರನೆಯ ಸಲ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾರೆ. ನನಗೆ ಬಾಯಿ ಬರುತ್ತಿಲ್ಲ. ಕಾಗದ ಬರೆಯುತ್ತಾ ಕೂರಬೇಡ ಹಲೀನಾ, ಬಾ. ನೀನೇ ಬಂದು ಹೇಳು.