ಬೆಳಗಿನ ಹಾಡು ನಿಂತ ಮನೆ

ಬೇಲೂರು
೧೨ ನವೆಂಬರ್ ೧೯೬೧, ಭಾನುವಾರ

ನನ್ನ ಪ್ರೀತಿಯ ಸಲೋಮಿ,

ಕರ್ತನ ಸಮಾಧಾನ ನಿನ್ನ ಮೇಲೂ ನಿನ್ನ ಯಜಮಾನರ ಮೇಲೂ ತುಮಕೂರಿನ ಆ ಪುಟ್ಟ ಮನೆಯ ಮೇಲೂ ಇರಲಿ. ಈಸ್ಟರಿಗೆ ನೀನು ಬರೆದ ಕಾಗದಕ್ಕೆ ದೀಪಾವಳಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈಯಿ.

ಇಲ್ಲಿ ಚಳಿ ಶುರುವಾಗಿದೆ. ಬೆಳಿಗ್ಗೆ ಬಾಗಿಲು ತೆರೆದರೆ ಊರೇ ಇರುವುದಿಲ್ಲ. ದೇವಸ್ಥಾನದ ಗೋಪುರದ ತುದಿಯೊಂದು ಮಂಜಿನ ಮೇಲೆ ತೇಲುತ್ತಿರುತ್ತದೆ. ಅದನ್ನು ನೋಡುತ್ತಾ ನಿಂತರೆ ಎದ್ದಿದ್ದೇನೋ, ಇನ್ನೂ ಮಲಗಿದ್ದೇನೋ ತಿಳಿಯುವುದಿಲ್ಲ. ನಮ್ಮವರು ಉಪದೇಶಿಯಾಗಿ ಈ ಊರಿಗೆ ಬಂದು ಇಷ್ಟು ವರ್ಷವಾದರೂ ಈ ಮಂಜು ನನಗೆ ಹಳೆಯದಾಗಿಲ್ಲ.

ಶ್ರಾವಣದಲ್ಲಿ ಪಕ್ಕದ ಮನೆಗೆ ಶಿವಗಂಗಮ್ಮ ಮರಳಿ ಬಂದರು. ನಾವು ಹೊಸದಾಗಿ ಬಂದಾಗ ನನಗೆ ರಾಗಿ ಬೀಸಲು ಕಲಿಸಿದವರು ಅವರೇ. ಆಮೇಲೆ ಎಷ್ಟೋ ವರ್ಷ ಮಗಳ ಜೊತೆ ಕಣಕಟ್ಟೆಯ ತೋಟದಲ್ಲಿದ್ದರು. ಒಂದು ದಿನ ಬೇಲಿಯಾಚೆಯಿಂದ ಕರೆದು ಕೇಳಿದರು: “ಯಾಕ್ರವ್ವಾ, ನಿಮ್ಮನೇಲಿ ಬೆಳಗಿನ್ ಹಾಡು ಕೇಳ್ತಾನೇ ಇಲ್ಲ? ಆಗೆಲ್ಲಾ ನೀವಿಬ್ರೂ ಹಾಡಾಕೆ ಶುರು ಮಾಡುದ್ರೆ ನಾನೆದ್ದು ಒಲೆ ಹಚ್ತಿದ್ದೆ. ಈಗ ನಂಗೆ ಹೊತ್ತೇ ಗೊತ್ತಾಗಾಕಿಲ್ಲ.”

ನಾನು ನಕ್ಕು ಏನೋ ಹೇಳಿ ಒಳಗೆ ಬಂದೆ. ಮೊರ ಕೈಯಲ್ಲೇ ಉಳಿಯಿತು. ಹಾಡು ಎಂದು ನಿಂತಿತು? ಎಷ್ಟು ಯೋಚಿಸಿದರೂ ಅಂಥದ್ದೊಂದು ದಿನ ಸಿಗಲಿಲ್ಲ. ಒಂದು ಚಳಿಗಾಲ ಇವರಿಗೆ ಕೆಮ್ಮಿತ್ತು, ಹಾಡು ಬೇಡ, ಬರೀ ಬೈಬಲ್ ಓದೋಣ ಅಂದೆವು. ಪ್ರಾರ್ಥನಾ ಮಂದಿರ ಕಟ್ಟಿಸುವಾಗ ಗಾರೆಯವರು ನಸುಕಿಗೇ ಬಂದು ಕೂಗುತ್ತಿದ್ದರು. “ನೀನು ಪ್ರಾರ್ಥನೆ ಮಾಡ್ತಿರು, ಬಂದೆ” ಎಂದು ಇವರು ಎದ್ದು ಹೋಗುತ್ತಿದ್ದರು. ನಾನು ಒಬ್ಬಳೇ ಕೂತು, ಒಂದು ಕಣ್ಣು ಹಾಲಿನ ಮೇಲಿಟ್ಟು ಮುಗಿಸುತ್ತಿದ್ದೆ. ಆಮೇಲೆ ಅದೂ ಇಲ್ಲ. ಇದನ್ನು ಬಿಡೋಣ ಎಂದು ಯಾರೂ ಅನ್ನಲಿಲ್ಲ, ಸಲೋಮಿ. ಮಧ್ಯಾಹ್ನ ಊಟ ಮಾಡಿ ಗೋಡೆಗೊರಗಿದವರಿಗೆ ಯಾವ ಗಳಿಗೆಯಲ್ಲಿ ನಿದ್ದೆ ಹತ್ತಿತೆಂದು ಗೊತ್ತಾಗುವುದುಂಟೇ?

ಇವರಿಗೆ ಹೇಳಿದೆ. ಮುಖ ಗಂಟಿಕ್ಕಿದರು. “ದಿನವಿಡೀ ನಾನು ಯಾರ ಕೆಲಸ ಮಾಡ್ತಿದೀನಿ ಅಂದ್ಕೊಂಡಿದೀಯ? ದೇವರದ್ದೇ ಅಲ್ವೇನೇ?” ಅದೂ ನಿಜವೇ.

ಆ ವಾರವೇ ಹಳೇಬೀಡಿಗೆ ಹೋದೆವು. ಅಲ್ಲಿ ಎಲೀಯ ಮಾಸ್ತರು ಹಾಸಿಗೆ ಹಿಡಿದಿದ್ದರು. ನಮ್ಮ ಸಭೆಯ ಹಿರಿಯರು, ಇವರಿಗೆ ಅಕ್ಷರ ಕಲಿಸಿದವರು. ಕೆರೆ ಕಾಣುವಂತೆ ಜಗಲಿಯ ಮೇಲೆ ಮಂಚ ಹಾಕಿಸಿಕೊಂಡಿದ್ದರು. ಇವರು ಎಂದಿನಂತೆ ಪ್ರಾರ್ಥನೆಯ ಪುಸ್ತಕ ತೆರೆದರು.

“ಮುಚ್ಚಿಡು ಸುವಾರ್ತಪ್ಪ, ಅದು ನನಗೂ ಬಾಯಿಪಾಠ. ನಿನ್ನ ಮಾತಲ್ಲೇ ನನಗೋಸ್ಕರ ಒಂದಿಷ್ಟು ಕೇಳಪ್ಪ.”

ಇವರು ಕಣ್ಣು ಮುಚ್ಚಿದರು. ನಾವೂ ಮುಚ್ಚಿದೆವು. ಕೆರೆಯ ಕಡೆಯಿಂದ ಗಾಳಿ ಬರುತ್ತಿತ್ತು. ದೂರದಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದ ಸದ್ದು. ಎಷ್ಟು ಹೊತ್ತಾದರೂ ಇವರ ದನಿ ಬರಲಿಲ್ಲ. ಕಣ್ಣು ತೆರೆದು ನೋಡಿದೆ. ಇವರೂ ಕಣ್ಣು ತೆರೆದಿದ್ದರು.

“ಬರ್ತಾ ಇಲ್ಲ ಮಾಸ್ತರೇ.”

ಮಾಸ್ತರು ಬೈಯಲಿಲ್ಲ. ಇವರ ಕೈಯನ್ನು ಎದೆಯ ಮೇಲೆಳೆದುಕೊಂಡು ತಾವೇ ಅಂದರು: “ತಂದೆಯೇ, ನಿನ್ನ ಸೇವಕ ಬಹಳ ದಣಿದಿದ್ದಾನೆ. ಮನೆಗೆ ಕರ್ಕೊಂಡು ಬಿಡು.” ತಮ್ಮ ಸಾವನ್ನೇ ಹೀಗೆ ಕೇಳುತ್ತಿದ್ದಾರೆಂದು ಮೊದಲು ನಾನು ತಿಳಿದೆ. ಆಮೇಲೆ ಅರ್ಥವಾಯಿತು, ಕೇಳಿದ್ದು ಇವರಿಗಾಗಿ.

ಬಾಣಾವರದ ಕಡೆಯಿಂದ ಬರುವ ಬಸ್ಸಿಗೆ ಕಾಯುತ್ತಾ ಕೆರೆಯ ಏರಿಯ ಮೇಲೆ ಕೂತೆವು. ನೀರು ಬಂಗಾರದ ಬಣ್ಣಕ್ಕೆ ತಿರುಗಿ, ಮೆಲ್ಲನೆ ಬೂದಿಯಾಗುತ್ತಿತ್ತು. ಕೊಕ್ಕರೆಗಳು ಒಂದೊಂದೇ ಗಿಡಕ್ಕೆ ಮರಳುತ್ತಿದ್ದವು.

“ಬೇರೆಯವರ ಮನೆಗೆಲ್ಲಾ ದೀಪ ಹಿಡ್ಕೊಂಡು ಹೋದೆ ಕಣೇ,” ಎಂದರು. “ನಮ್ಮನೇಲಿ ಎಣ್ಣೆ ಇದೆಯೋ ಇಲ್ವೋ ನೋಡಲೇ ಇಲ್ಲ.”

ಮಾರನೆಯ ಬೆಳಿಗ್ಗೆ ಇಬ್ಬರೂ ಚಾಪೆ ಹಾಕಿ ಕೂತೆವು. ನನಗೆ ಎರಡನೆಯ ಚರಣ ಮರೆತಿತ್ತು, ಇವರ ದನಿ ಒಡೆದಿತ್ತು. ದೊಡ್ಡ ಬೆಳಕೇನೂ ಇಳಿದುಬರಲಿಲ್ಲ. ಈಗಲೂ ಎಷ್ಟೋ ದಿನ ಮನಸ್ಸು ಒಣ ಕಟ್ಟಿಗೆ. ಆದರೂ ಕೂರುತ್ತೇವೆ. ಗಾರೆಯವರಾಗಲಿ ನೆಂಟರಾಗಲಿ ಬಂದರೆ, “ಸ್ವಲ್ಪ ಕೂತಿರಿ, ಬಂದೆ” ಎನ್ನುತ್ತಾರೆ ಇವರು. ಸೆಪ್ಟೆಂಬರಿನಲ್ಲಿ ಮಾಸ್ತರು ತೀರಿಕೊಂಡಾಗ, ಮಣ್ಣು ಹಾಕುವ ಮೊದಲು ಇವರು ಪುಸ್ತಕವಿಲ್ಲದೆ ಪ್ರಾರ್ಥಿಸಿದರು. ನಾಲ್ಕೇ ಮಾತು. ಅಲ್ಲಿದ್ದವರೆಲ್ಲ ಅತ್ತರು.

ನಿನಗೆ ಉಪದೇಶ ಮಾಡುವಷ್ಟು ದೊಡ್ಡವಳಲ್ಲ ನಾನು. ಆದರೂ ಒಂದು ಮಾತು ಹೇಳುತ್ತೇನೆ. ಕೆಲಸ ಮಾಡುತ್ತಾ ಮಾಡುತ್ತಾ ಆಗಾಗ ನಿಂತು ನಿಮ್ಮ ಮನೆಯೊಳಗೊಮ್ಮೆ ಕಿವಿಗೊಟ್ಟು ನೋಡು. ದೇವರು ನಿಮ್ಮಿಬ್ಬರನ್ನೂ ಎಚ್ಚರವಾಗಿಟ್ಟು ಕಾಯಲಿ, ನಿನ್ನ ಕೈಗಳಿಗೆ ಬಲ ಕೊಡಲಿ.

ನಿನ್ನ
ಕರುಣಾ

ತಾ.ಕ.: ನಮ್ಮ ಸುಜಯಾ ಹೇಗಿದ್ದಾಳೆ ಎಂದು ನೀನು ಕೇಳಿದ್ದೆ. ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದೆ. ಮಗಳಿಗೆ ಹನ್ನೊಂದು ತುಂಬಿತು, ಹಾಸನದ ಬೋರ್ಡಿಂಗಿನಲ್ಲಿ ಓದುತ್ತಿದ್ದಾಳೆ. ದಸರಾ ರಜಕ್ಕೆ ಬಂದಿದ್ದಳು. ಬೆಳಿಗ್ಗೆ ಪ್ರಾರ್ಥನೆಗೆ ಕರೆದೆವು. ನೆಂಟರ ಮನೆಗೆ ಬಂದ ಮಗುವಿನ ಹಾಗೆ ಚಾಪೆಯ ಅಂಚಿನಲ್ಲಿ ಕೂತಳು, ಯಾವಾಗ ಏಳಬೇಕೋ ತಿಳಿಯದೆ ನಮ್ಮ ಮುಖವನ್ನೇ ನೋಡುತ್ತಾ. ಆಮೇಲೆ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದಳು: “ಅಮ್ಮಾ, ಇದು ಅಪ್ಪ ಹೊಸದಾಗಿ ಶುರು ಮಾಡಿರೋದಾ?”

ಅವಳನ್ನು ಮಡಿಲಲ್ಲಿ ಮಲಗಿಸಿಕೊಂಡೇ ಹಾಡುತ್ತಿದ್ದೆ, ಸಲೋಮಿ. ಅವಳಿಗೆ ಅದರ ನೆನಪೇನೂ ಉಳಿದಿಲ್ಲ.

ಹೌದು ಮಗಳೇ, ಅಂದೆ.